ಒಂದು ಚಾರ್ಜರ್‌ಗೆ ಒಗ್ಗುವ ಬೋರ್ಡ್ ಇನ್ನೊಂದಕ್ಕೆ ಏಕೆ ಮುನಿಯುತ್ತದೆ?

ಪ್ರಶ್ನೆ: ಆರ್‌ಕೆ3399 ಚಿಪ್ ಇರುವ ಬೋರ್ಡ್ ಬಳಸಿ ಸಣ್ಣದೊಂದು ಸ್ಟೋರೇಜ್ ಪೆಟ್ಟಿಗೆ ಮಾಡುತ್ತಿದ್ದೇವೆ. ಬ್ಯಾಟರಿ ಇಲ್ಲ, ವಿದ್ಯುತ್ತೆಲ್ಲ ಟೈಪ್-ಸಿ ಪೋರ್ಟ್‌ನಿಂದಲೇ ಬರಬೇಕು. ಚಾರ್ಜರ್ ಜೊತೆ ವೋಲ್ಟೇಜ್ ಮಾತಾಡಿಕೊಳ್ಳುವ ಪವರ್ ಡೆಲಿವರಿಗೆ ಎಫ್‌ಯುಎಸ್‌ಬಿ302 ಚಿಪ್, ಮೇಲೆ ಲಿನಕ್ಸ್ 6.1 ಕರ್ನಲ್. ಹಾರ್ಡ್ ಡಿಸ್ಕ್‌ಗೆ 12 ವೋಲ್ಟ್ ಬೇಕು. ನಮ್ಮ ಮೇಜಿನ ಮೇಲಿರುವ ಒಂದು ಚಾರ್ಜರ್‌ನಲ್ಲಿ ಎಲ್ಲ ಸರಿ. 65 ವಾಟ್‌ನ ಇನ್ನೊಂದರಲ್ಲಿ ಬೋರ್ಡ್ ಬೂಟ್ ಆಗುತ್ತ ಆಗುತ್ತಲೇ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತದೆ. 30 ವಾಟ್‌ನದು 5 ವೋಲ್ಟ್ ಬಿಟ್ಟು ಮೇಲೇರುವುದಿಲ್ಲ. ಪಿಪಿಎಸ್ (ಸಣ್ಣ ಸಣ್ಣ ಹೆಜ್ಜೆಗಳಲ್ಲಿ ವೋಲ್ಟೇಜ್ ಬದಲಿಸುವ ಸೌಲಭ್ಯ) ಇರುವ ಮತ್ತೊಂದರಲ್ಲಿ 12 ವೋಲ್ಟ್ ಬರುತ್ತದೆ, ಆದರೆ ಸ್ವಲ್ಪ ಹೊತ್ತಿಗೆ ಕಡಿದುಹೋಗುತ್ತದೆ. ಕೆಲವೊಮ್ಮೆ ಪ್ಲಗ್ ಕಿತ್ತು ಹಾಕಿದರೆ ಸರಿ, ರೀಬೂಟ್ ಆಜ್ಞೆ ಕೊಟ್ಟರೆ ಮಾತ್ರ ಕೆಡುತ್ತದೆ. ಡ್ರೈವರ್‌ನಲ್ಲಿ ಚಾರ್ಜರ್‌ವಾರು ವಿನಾಯಿತಿ ಪಟ್ಟಿ ಬರೆದು ನಿಭಾಯಿಸಬಹುದೇ?

ಉತ್ತರ: ಪಟ್ಟಿ ಬರೆಯಬೇಡಿ. ಅದು ಕೆಲಸಕ್ಕೆ ಬರುವುದಿಲ್ಲ ಎನ್ನುವುದಕ್ಕೆ ಕಾರಣ ಪವರ್ ಡೆಲಿವರಿಯ ಮಾತುಕತೆಯ ಕ್ರಮದಲ್ಲೇ ಇದೆ. ಚಾರ್ಜರ್ ಮೊದಲು ಕಳಿಸುವ ಸೋರ್ಸ್ ಕೇಪಬಿಲಿಟೀಸ್ ಸಂದೇಶದಲ್ಲಿ ಎಷ್ಟು ವೋಲ್ಟ್‌ಗೆ ಎಷ್ಟು ಆಂಪಿಯರ್ ಕೊಡಬಲ್ಲೆ ಎಂಬ ಸಾಲುಗಳಷ್ಟೇ ಇರುತ್ತವೆ; ಆ ಸಾಲುಗಳಿಗೆ ಪಿಡಿಒ ಎನ್ನುತ್ತೇವೆ, ಸಾಮಾನ್ಯವಾಗಿ ಹೆಚ್ಚೆಂದರೆ ಏಳು. ತಯಾರಕರ ಗುರುತು, ಮಾದರಿ ಸಂಖ್ಯೆ ಯಾವುದೂ ಅದರಲ್ಲಿಲ್ಲ. ಗುರುತು ಬೇಕಾದರೆ ಒಪ್ಪಂದ ಮುಗಿದ ಮೇಲೆ ಬೇರೆ ಸಂದೇಶ ಕಳಿಸಿ ಕೇಳಬೇಕು, ಹಳೆಯ 2.0 ಆವೃತ್ತಿಯ ಚಾರ್ಜರ್‌ಗಳಿಗೆ ವಿಸ್ತೃತ ಸಾಮರ್ಥ್ಯ ಕೇಳುವ ಆ ಸಂದೇಶವೇ ಅರ್ಥವಾಗುವುದಿಲ್ಲ. ನಿಮ್ಮ ಬೋರ್ಡ್ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿರುವುದು ಒಪ್ಪಂದಕ್ಕೆ ಮೊದಲು. ಎದುರಿಗಿರುವುದು ಯಾರು ಎಂದು ಗೊತ್ತಾಗುವ ಹೊತ್ತಿಗೆ ಪಟ್ಟಿ ನೋಡುವ ಅಗತ್ಯವೇ ಮುಗಿದಿರುತ್ತದೆ.

ಅಲ್ಲದೆ ನೀವು ಹೇಳಿದ ನಾಲ್ಕು ತೊಂದರೆಗಳಿಗೆ ನಾಲ್ಕು ಬೇರೆ ಬೇರೆ ಕಾರಣಗಳಿವೆ. ಅವುಗಳಲ್ಲಿ ಎರಡಕ್ಕೆ ಚಾರ್ಜರ್ ಕಾರಣವೇ ಅಲ್ಲ. ಒಂದೊಂದಾಗಿ ಬಿಡಿಸೋಣ. ಅದಕ್ಕೆ ಮೊದಲು ಲಾಗ್ ಕೈಗೆ ಸಿಗಬೇಕು.

ಲಾಗ್ ಹಿಡಿಯುವುದು

ಲಿನಕ್ಸ್‌ನಲ್ಲಿ ಈ ಮಾತುಕತೆಯನ್ನು ನಡೆಸುವುದು ಟಿಸಿಪಿಎಂ ಎಂಬ ಸ್ಟೇಟ್ ಮಷೀನ್, ಅಂದರೆ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುತ್ತ ಕೆಲಸ ಮಾಡುವ ಕೋಡ್. ಎಫ್‌ಯುಎಸ್‌ಬಿ302 ಡ್ರೈವರ್ ಅದರ ಕೈಕೆಳಗೆ ರಿಜಿಸ್ಟರ್ ಓದಿ ಬರೆಯುವ ಕೆಲಸವನ್ನಷ್ಟೇ ಮಾಡುತ್ತದೆ. ಇವೆರಡೂ ತಮ್ಮ ಲಾಗ್ ಅನ್ನು ಕರ್ನಲ್‌ನ ಸಾಮಾನ್ಯ ಲಾಗ್ ಆದ ಡಿಮೆಸೇಜ್‌ಗೆ ಹಾಕುವುದಿಲ್ಲ. ಡೀಬಗ್‌ಎಫ್‌ಎಸ್ ಮೌಂಟ್ ಮಾಡಿ, ಅದರೊಳಗಿನ ಯುಎಸ್‌ಬಿ ಫೋಲ್ಡರ್‌ನಲ್ಲಿ ಟಿಸಿಪಿಎಂ ಎಂದು ಶುರುವಾಗುವ ಫೈಲ್ ಓದಬೇಕು. ಎಫ್‌ಯುಎಸ್‌ಬಿ302ಕ್ಕೂ ಅಲ್ಲೇ ಪ್ರತ್ಯೇಕ ಲಾಗ್ ಇದೆ.

ತೊಡಕೇನೆಂದರೆ ಈ ಲಾಗ್ ಇರುವುದು ರ‍್ಯಾಮ್‌ನಲ್ಲಿ. ಬೋರ್ಡ್ ರೀಸ್ಟಾರ್ಟ್ ಆದರೆ ಲಾಗ್ ಕೂಡ ಹೋಯಿತು. ಆದ್ದರಿಂದ ಬೋರ್ಡ್‌ಗೆ ಬೆಂಚ್ ಸಪ್ಲೈಯಿಂದ ನೇರವಾಗಿ ವಿದ್ಯುತ್ ಕೊಡಿ. ಟೈಪ್-ಸಿ ಪೋರ್ಟ್‌ನ ವಿದ್ಯುತ್ ಗೆರೆಯಾದ ವಿಬಸ್‌ನಿಂದ ಬೋರ್ಡ್‌ನ ಒಳಗೆ ವಿದ್ಯುತ್ ಹಂಚುವ ರೈಲಿಗೆ ಹೋಗುವ ದಾರಿಯನ್ನು ತಾತ್ಕಾಲಿಕವಾಗಿ ಕಡಿಯಿರಿ. ಎಫ್‌ಯುಎಸ್‌ಬಿ302ರ ವಿಬಸ್ ಪಿನ್‌ಗೆ ಮಾತ್ರ ಸಂಪರ್ಕ ಉಳಿಯಲಿ, ಇಲ್ಲದಿದ್ದರೆ ಅದಕ್ಕೆ ಚಾರ್ಜರ್ ಬಂದದ್ದೇ ತಿಳಿಯುವುದಿಲ್ಲ. ದಾರಿ ಕಡಿಯದೆ ಎರಡೂ ಕಡೆಯಿಂದ ವಿದ್ಯುತ್ ಕೊಟ್ಟರೆ ಬೆಂಚ್ ಸಪ್ಲೈ ಚಾರ್ಜರ್‌ನೊಳಕ್ಕೆ ಹಿಮ್ಮುಖವಾಗಿ ಹರಿಯುತ್ತದೆ, ಎಚ್ಚರ. ಹೀಗೆ ಮಾಡಿದರೆ ಚಾರ್ಜರ್ ವಿಬಸ್ ಕಡಿದರೂ ಬೋರ್ಡ್ ಬದುಕಿರುತ್ತದೆ, ಏನಾಯಿತೆಂದು ಲಾಗ್ ಹೇಳುತ್ತದೆ.

ಲಾಗ್‌ನಲ್ಲಿ ಮೂರು ಸಂಗತಿ ಹುಡುಕಿ. ಮೊದಲನೆಯದು, ಪಿಡಿಒ ಸಾಲುಗಳು ಬಂದವೇ ಇಲ್ಲವೇ. ಎರಡನೆಯದು, ನಾವು ಕಳಿಸಿದ ಪ್ರತಿ ಸಂದೇಶದ ಮುಂದೆ ಬರುವ ಸ್ಥಿತಿ ಸಂಖ್ಯೆ: 0 ಎಂದರೆ ಎದುರಿನವರು ಗುಡ್‌ಸಿಆರ್‌ಸಿ ಎಂಬ ರಸೀದಿ ಕೊಟ್ಟು ಸ್ವೀಕರಿಸಿದ್ದಾರೆ, 2 ಎಂದರೆ ಸಂದೇಶ ಮುಟ್ಟಲೇ ಇಲ್ಲ. ಮೂರನೆಯದು, ಹಾರ್ಡ್ ರೀಸೆಟ್ ಸೆಂಡ್ ಸ್ಥಿತಿಗೆ ಯಾವ ಸ್ಥಿತಿಯಿಂದ ಹೋಗಲಾಯಿತು. ಪಿಡಿಒಗಳೇ ಬರದಿದ್ದರೆ ಸಮಯದ ಅಥವಾ ತಂತಿಯ ಸಮಸ್ಯೆ. ಬಂದೂ 5 ವೋಲ್ಟ್ ಆಯ್ಕೆಯಾಗಿದ್ದರೆ ನಿಮ್ಮ ಡಿವೈಸ್ ಟ್ರೀಯ, ಅಂದರೆ ಬೋರ್ಡಿನ ಹಾರ್ಡ್‌ವೇರ್ ವಿವರವನ್ನು ಕರ್ನಲ್‌ಗೆ ಹೇಳುವ ಫೈಲಿನ, ಸಮಸ್ಯೆ. ಒಪ್ಪಂದವಾದ ಮೇಲೆ ಬಿದ್ದರೆ ಲೋಡಿನ ಅಥವಾ ಪಿಪಿಎಸ್‌ನ ಸಮಸ್ಯೆ. ಮುಕ್ಕಾಲು ಪಾಲು ವಿಂಗಡಣೆ ಇಲ್ಲೇ ಮುಗಿಯುತ್ತದೆ.

65 ವಾಟ್ ಚಾರ್ಜರ್ ಮತ್ತು ರೀಬೂಟ್ ಸುಳಿ

ಇದು ಬ್ಯಾಟರಿ ಇಲ್ಲದ ಬೋರ್ಡ್‌ಗಳ ಹಳೆಯ ಕಾಯಿಲೆ. ನಡೆಯುವುದು ಹೀಗೆ. ಪ್ಲಗ್ ಹಾಕಿದ ಕೂಡಲೇ ಚಾರ್ಜರ್ ಮಾತುಕತೆಯ ತಂತಿಯಾದ ಸಿಸಿ ಗೆರೆಯಲ್ಲಿ 5.1 ಕಿಲೋಓಮ್‌ನ ಆರ್‌ಡಿ ರೆಸಿಸ್ಟರ್ ಇರುವುದನ್ನು ಕಂಡು 5 ವೋಲ್ಟ್ ಕೊಡುತ್ತದೆ. ನಂತರ 100ರಿಂದ 200 ಮಿಲಿಸೆಕೆಂಡ್‌ಗೊಮ್ಮೆ ತನ್ನ ಸಾಮರ್ಥ್ಯದ ಸಂದೇಶ ಕಳಿಸುತ್ತ ಹೋಗುತ್ತದೆ. ನಿಮ್ಮ ಬೋರ್ಡ್ ಆಗ ಕರ್ನಲ್‌ಗಿಂತ ಮೊದಲು ಓಡುವ ಯು-ಬೂಟ್‌ನಲ್ಲಿರುತ್ತದೆ, ಉತ್ತರ ಕೊಡುವವರಿಲ್ಲ. ಮಾನದಂಡದಲ್ಲಿ ಈ ಪ್ರಯತ್ನಕ್ಕೆ 50ರ ಎಣಿಕೆ ಇದೆ. ಅದನ್ನು ಪಾಲಿಸುವ ಚಾರ್ಜರ್ 5ರಿಂದ 10 ಸೆಕೆಂಡಿನೊಳಗೆ, ಎದುರಿನದಕ್ಕೆ ಪವರ್ ಡೆಲಿವರಿ ಬರುವುದಿಲ್ಲ ಎಂದುಕೊಂಡು ಸುಮ್ಮನಾಗುತ್ತದೆ. ಆಮೇಲೆ ಕರ್ನಲ್ ಏಳುತ್ತದೆ, ರೂಟ್ ಫೈಲ್ ಸಿಸ್ಟಂ ಸಿಕ್ಕ ಮೇಲೆ ಮಾಡ್ಯೂಲ್ ಆಗಿರುವ ನಿಮ್ಮ ಡ್ರೈವರ್ ಏಳುತ್ತದೆ. ಅದು 310ರಿಂದ 620 ಮಿಲಿಸೆಕೆಂಡ್ ಕಾಯುತ್ತದೆ. ಸಂದೇಶ ಬಾರದು. ವಿಬಸ್ ಒಮ್ಮೆಯೂ ಇಳಿದಿಲ್ಲವೆಂದು ನೋಡಿ ಟಿಸಿಪಿಎಂ ಒಮ್ಮೆ ಸಾಫ್ಟ್ ರೀಸೆಟ್ (ವಿದ್ಯುತ್ ಕಡಿಯದೆ ಮಾತುಕತೆಯನ್ನಷ್ಟೇ ಹೊಸದಾಗಿ ಶುರು ಮಾಡುವುದು) ಪ್ರಯತ್ನಿಸುತ್ತದೆ. ಅದಾದ ಮೇಲೂ ಸೋರ್ಸ್ ಕೇಪಬಿಲಿಟೀಸ್ ಬರದಿದ್ದರೆ ನಿಯಮದಂತೆ ಹಾರ್ಡ್ ರೀಸೆಟ್ ಕಳಿಸುತ್ತದೆ.

ಹಾರ್ಡ್ ರೀಸೆಟ್ ಎಂದರೆ ಚಾರ್ಜರ್ ವಿಬಸ್ ಅನ್ನು 0.8 ವೋಲ್ಟ್‌ಗಿಂತ ಕೆಳಗಿಳಿಸಿ, 0.66ರಿಂದ 1 ಸೆಕೆಂಡ್ ಹಾಗೇ ಬಿಟ್ಟು ಮತ್ತೆ 5 ವೋಲ್ಟ್ ಕೊಡಬೇಕು. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಅದಕ್ಕೆ ಲೆಕ್ಕವೇ ಇಲ್ಲ. ನಿಮ್ಮ ಬೋರ್ಡ್‌ಗೆ ಇದು ಕೂತ ಕೊಂಬೆಯನ್ನೇ ಕಡಿದ ಹಾಗೆ. ಬೋರ್ಡ್ ಸಾಯುತ್ತದೆ, 5 ವೋಲ್ಟ್ ಬಂದಾಗ ಮತ್ತೆ ಬೂಟ್ ಆಗುತ್ತದೆ, ಅದೇ ಜಾಗಕ್ಕೆ ಬಂದು ಅದೇ ಸಂದೇಶ ಕಳಿಸುತ್ತದೆ.

ಕೆಪಾಸಿಟರ್ ಹಾಕಿ ಆ ಒಂದು ಸೆಕೆಂಡ್ ದಾಟಿಸೋಣ ಎಂದು ಯೋಚಿಸುವವರಿದ್ದಾರೆ. ಲೆಕ್ಕ ಹಾಕಿ ನೋಡಿ. 10 ವಾಟ್ ಲೋಡ್, 1 ಸೆಕೆಂಡ್, ಅಂದರೆ 10 ಜೂಲ್. 5 ವೋಲ್ಟ್‌ನಿಂದ 4 ವೋಲ್ಟ್‌ಗೆ ಇಳಿಯುವಷ್ಟರಲ್ಲಿ ಇಷ್ಟು ಶಕ್ತಿ ಕೊಡಲು ಸುಮಾರು 2.2 ಫ್ಯಾರಡ್ ಬೇಕು. ಅದು ಸೂಪರ್ ಕೆಪಾಸಿಟರ್, ಅದಕ್ಕೊಂದು ಚಾರ್ಜಿಂಗ್ ಸರ್ಕ್ಯೂಟ್. ಅದನ್ನು ನೇರವಾಗಿ ವಿಬಸ್ ಮೇಲೆ ಕೂರಿಸುವಂತೆಯೂ ಇಲ್ಲ: ಪ್ಲಗ್ ಹಾಕುವ ಕ್ಷಣದಲ್ಲಿ ಸಿಂಕ್, ಅಂದರೆ ವಿದ್ಯುತ್ ಪಡೆಯುವ, ಸಾಧನದ ವಿಬಸ್ ಮೇಲೆ 10 ಮೈಕ್ರೊಫ್ಯಾರಡ್‌ಗಿಂತ ಹೆಚ್ಚು ಕಾಣಬಾರದು. ದಾರಿ ಬೇರೆ ಹುಡುಕಬೇಕು.

ಮೊದಲ ಹೆಜ್ಜೆ, ಡ್ರೈವರ್ ಬೇಗ ಏಳುವಂತೆ ಮಾಡಿ. ಟೈಪ್-ಸಿ ಕೋರ್, ಟಿಸಿಪಿಎಂ, ಎಫ್‌ಯುಎಸ್‌ಬಿ302, ಅದು ಕೂತಿರುವ ಐ2ಸಿ (ಚಿಪ್‌ಗಳನ್ನು ಜೋಡಿಸುವ ಬಸ್) ಕಂಟ್ರೋಲರ್, ಅದರ ಇಂಟರಪ್ಟ್ ಬರುವ ಜಿಪಿಐಒ, ಇವೆಲ್ಲ ಕರ್ನಲ್‌ನೊಳಗೇ ಬಿಲ್ಟ್-ಇನ್ ಆಗಿರಲಿ. ಒಂದನ್ನು ಮಾಡ್ಯೂಲ್ ಆಗಿ ಬಿಟ್ಟರೂ ಉಳಿದವು ಅದಕ್ಕಾಗಿ ಕಾಯುತ್ತವೆ.

ಎರಡನೆಯದು, ಇನ್ನೂ ಮುಂಚೆಯೇ, ಯು-ಬೂಟ್‌ನಲ್ಲೇ ಮಾತುಕತೆ ಮುಗಿಸುವುದು. ಈಚಿನ ಯು-ಬೂಟ್‌ನಲ್ಲಿ ಟಿಸಿಪಿಎಂ ಮತ್ತು ಎಫ್‌ಯುಎಸ್‌ಬಿ302 ಬೆಂಬಲ ಇದೆ. ಇದನ್ನು ಸೇರಿಸಿದರೆ ಚಾರ್ಜರ್‌ನ ಎಣಿಕೆ ಮುಗಿಯುವ ಮೊದಲೇ ಒಪ್ಪಂದವಾಗುತ್ತದೆ.

ಆದರೆ ಇಲ್ಲಿಗೆ ಕಥೆ ಮುಗಿಯಲಿಲ್ಲ. ಯು-ಬೂಟ್ ಒಪ್ಪಂದ ಮಾಡಿಕೊಂಡಿದೆ, ಕರ್ನಲ್‌ಗೆ ಅದು ಗೊತ್ತಿಲ್ಲ. ಕರ್ನಲ್ ಡ್ರೈವರ್ ಸಾಫ್ಟ್ ರೀಸೆಟ್ ಕಳಿಸಿ ಹೊಸದಾಗಿ ಶುರು ಮಾಡುತ್ತದೆ. ಸಾಫ್ಟ್ ರೀಸೆಟ್ ಬಂದರೆ ಚಾರ್ಜರ್ ತನ್ನ ಸಾಮರ್ಥ್ಯದ ಪಟ್ಟಿಯನ್ನು ಮತ್ತೆ ಕಳಿಸಬೇಕು, ಹಾಗೆನ್ನುತ್ತದೆ ಮಾನದಂಡ. ಕೆಲವು ಚಾರ್ಜರ್‌ಗಳು ಆಗಲೇ ಒಪ್ಪಂದವಿದ್ದರೆ ಕಳಿಸುವುದಿಲ್ಲ. ಆಗ ಹಳೆಯ ಟಿಸಿಪಿಎಂ ಮತ್ತೆ ಹಾರ್ಡ್ ರೀಸೆಟ್‌ಗೇ ಹೋಗುತ್ತದೆ. ಇದನ್ನು ಸರಿಪಡಿಸುವ ಬದಲಾವಣೆ ಮುಖ್ಯ ಕರ್ನಲ್‌ಗೆ ಸೇರಿದ್ದು 2024ರಲ್ಲಿ: ಕಾಯುವ ಅವಧಿ ಮುಗಿದರೆ ಹಾರ್ಡ್ ರೀಸೆಟ್‌ಗೆ ಮೊದಲು ಗೆಟ್ ಸೋರ್ಸ್ ಕ್ಯಾಪ್ ಸಂದೇಶ ಕಳಿಸಿ ನೇರವಾಗಿ ಕೇಳುತ್ತದೆ. ಆ ಬದಲಾವಣೆಗೆ ಕಾರಣವಾದ ಬೋರ್ಡ್‌ಗಳಲ್ಲಿ ರಾಡ್‌ಕ್ಸಾ ರಾಕ್ 5ಬಿ ಇತ್ತು, ನಿಮ್ಮದೇ ಚಿಪ್‌ನ ರೆನೆಗೇಡ್ ಎಲೀಟ್ ಕೂಡ ಇತ್ತು. ನಿಮ್ಮ 6.1 ಅದಕ್ಕಿಂತ ಹಳೆಯದು. 6.12 ದೀರ್ಘಾವಧಿ ಕರ್ನಲ್‌ಗೆ ಹೋಗಿ. ಅದು ಆಗದಿದ್ದರೆ ಆ ಒಂದು ಬದಲಾವಣೆಯನ್ನು ಹಿಂದಕ್ಕೆ ತನ್ನಿ. ಸ್ಟೇಟ್ ಮಷೀನ್‌ಗೆ ಒಂದು ಹೊಸ ಸ್ಥಿತಿ ಸೇರಿಸುವಷ್ಟು ಸಣ್ಣದು ಅದು.

ಮೂರನೆಯದು ಡಿವೈಸ್ ಟ್ರೀಯ ಕನೆಕ್ಟರ್ ನೋಡ್. ಅದರಲ್ಲಿ ಸೆಲ್ಫ್-ಪವರ್ಡ್ ಎಂಬ ಗುಣ ಇದೆಯೇ ನೋಡಿ. ಬೇರೆ ಬೋರ್ಡಿನ ಫೈಲ್ ನಕಲು ಮಾಡಿದಾಗ ಇದು ಸದ್ದಿಲ್ಲದೆ ಒಳಗೆ ಬಂದಿರುತ್ತದೆ. ಈ ಗುಣ ಇದ್ದರೆ ಪೋರ್ಟ್ ರೀಸೆಟ್ ಸ್ಥಿತಿಯಲ್ಲಿ ಟಿಸಿಪಿಎಂ ಸಿಸಿ ಗೆರೆಗಳನ್ನು ಸಂಪೂರ್ಣ ಬಿಟ್ಟುಬಿಡುತ್ತದೆ. ಚಾರ್ಜರ್‌ನ ಕಣ್ಣಿಗೆ ಅದು ಪ್ಲಗ್ ಕಿತ್ತಂತೆ, ವಿಬಸ್ ಹೋಗುತ್ತದೆ. ಗುಣ ಇಲ್ಲದಿದ್ದರೆ ಸಿಂಕ್ ಪೋರ್ಟ್‌ನ ಆರ್‌ಡಿ ಹಾಗೇ ಉಳಿಯುತ್ತದೆ. ಬ್ಯಾಟರಿ ಇಲ್ಲದ ಬೋರ್ಡ್‌ನಲ್ಲಿ ಅದನ್ನು ತೆಗೆದುಹಾಕಿ. ಪವರ್ ರೋಲ್ ಕೂಡ ಡ್ಯುಯಲ್ ಆಗಿರದೆ ಸಿಂಕ್ ಎಂದಿರಲಿ. ನಿಮ್ಮ ಪೆಟ್ಟಿಗೆ ಯಾರಿಗೂ ವಿದ್ಯುತ್ ಕೊಡುವುದಿಲ್ಲವಲ್ಲ. ಡ್ಯುಯಲ್ ಇದ್ದರೆ ಚಿಪ್ ಆರ್‌ಪಿ (ವಿದ್ಯುತ್ ಕೊಡುವವರ ರೆಸಿಸ್ಟರ್) ಮತ್ತು ಆರ್‌ಡಿ ನಡುವೆ ಅದಲು ಬದಲು ಮಾಡಲು ಹೊರಡುತ್ತದೆ, ಆ ಕ್ಷಣಕ್ಕೂ ಚಾರ್ಜರ್ ನಿಮ್ಮನ್ನು ಕಳೆದುಕೊಳ್ಳಬಹುದು.

ಚಾರ್ಜರ್ ತಡವಾಗಿ ಮಾತಾಡುವ ಜಾತಿಯದಾಗಿದ್ದರೆ, ಈಚಿನ ಕರ್ನಲ್‌ಗಳಲ್ಲಿ ಸಿಂಕ್ ಕಾಯುವ ಅವಧಿಯನ್ನು ಮಿಲಿಸೆಕೆಂಡ್‌ಗಳಲ್ಲಿ ಡಿವೈಸ್ ಟ್ರೀಯಿಂದಲೇ ಕೊಡಲು ಅವಕಾಶವಿದೆ. 620 ಮಿಲಿಸೆಕೆಂಡ್ ಮಾನದಂಡದ ಗರಿಷ್ಠ ಮಿತಿ. ಅದರೊಳಗೇ ಇರಿ, ಸುಮ್ಮನೆ ಎರಡು ಸೆಕೆಂಡ್ ಎಂದು ಬರೆದು ಗೆದ್ದೆವೆಂದುಕೊಳ್ಳಬೇಡಿ.

ರೀಬೂಟ್ ಆಜ್ಞೆ ಕೊಟ್ಟಾಗ ಮಾತ್ರ ಕೆಡುವುದು

ಪವರ್ ಡೆಲಿವರಿಯ ಪ್ರತಿ ಸಂದೇಶಕ್ಕೂ 0ಯಿಂದ 7ರವರೆಗೆ ಸುತ್ತುವ ಸಂಖ್ಯೆಯೊಂದಿದೆ. ಹಿಂದೆ ಬಂದ ಸಂಖ್ಯೆಯೇ ಮತ್ತೆ ಬಂದರೆ ಅದು ಮರುಪ್ರಸಾರವೆಂದು ತಿಳಿದು, ಗುಡ್‌ಸಿಆರ್‌ಸಿ ಕೊಟ್ಟು ಒಳಗಿನ ವಿಷಯವನ್ನು ಎಸೆದುಬಿಡುವುದು ನಿಯಮ. ಪ್ಲಗ್ ಕಿತ್ತು ಹಾಕಿದಾಗ ಎರಡೂ ಕಡೆ ಎಣಿಕೆ ಸೊನ್ನೆಯಿಂದ ಶುರು. ರೀಬೂಟ್ ಆಜ್ಞೆ ಕೊಟ್ಟಾಗ ವಿಬಸ್ ಹೋಗುವುದಿಲ್ಲ, ಚಾರ್ಜರ್‌ಗೆ ಹಳೆಯ ಎಣಿಕೆ ನೆನಪಿದೆ, ನಿಮ್ಮ ಡ್ರೈವರ್‌ಗೆ ಇಲ್ಲ. ನಿಮ್ಮ ಮೊದಲ ಸಂದೇಶದ 0 ಅವರ ನೆನಪಿನ 0ಕ್ಕೆ ತಾಳೆಯಾದರೆ ಆ ಸಂದೇಶ ಕಸದ ಬುಟ್ಟಿಗೆ. ಲಾಗ್‌ನಲ್ಲಿ ಕಳಿಸಿದ ಸ್ಥಿತಿ 0 ಎಂದು ಸರಿಯಾಗಿಯೇ ಕಾಣುತ್ತದೆ, ಉತ್ತರ ಮಾತ್ರ ಬರುವುದಿಲ್ಲ. ಆಗೊಮ್ಮೆ ಈಗೊಮ್ಮೆ ಕೆಡುವುದು ಇದಕ್ಕೇ. ಎಂಟರಲ್ಲಿ ಯಾವ ಸಂಖ್ಯೆಯಲ್ಲಿ ನಿಂತಿತ್ತು ಎಂಬುದರ ಮೇಲೆ ಹೋಗುತ್ತದೆ.

ಮದ್ದು ಸರಳ. ವಿಬಸ್ ಆಗಲೇ ಇದ್ದು ಬೂಟ್ ಆದರೆ, ಮೊತ್ತಮೊದಲ ಸಂದೇಶ ಸಾಫ್ಟ್ ರೀಸೆಟ್ ಆಗಿರಬೇಕು. ಅದು ಎರಡೂ ಕಡೆಯ ಎಣಿಕೆಯನ್ನು ಸೊನ್ನೆ ಮಾಡುತ್ತದೆ, ವಿಬಸ್ ಮುಟ್ಟುವುದಿಲ್ಲ. ಗೆಟ್ ಸೋರ್ಸ್ ಕ್ಯಾಪ್ ಅದರ ನಂತರ. ನೀವೇ ಯು-ಬೂಟ್‌ನಲ್ಲಿ ಕೋಡ್ ಬರೆಯುವುದಾದರೆ ಈ ಕ್ರಮವನ್ನು ತಲೆಕೆಳಗು ಮಾಡಬೇಡಿ.

ಇನ್ನೊಂದು ಮಾತು. ರೀಬೂಟ್ ವೇಳೆ ಎಫ್‌ಯುಎಸ್‌ಬಿ302ಕ್ಕೆ ಸಾಫ್ಟ್‌ವೇರ್ ರೀಸೆಟ್ ಬಿಟ್ ಬರೆದು, ಆಮೇಲೆ ಟಾಗಲ್ ಶುರು ಮಾಡುವ ತೇಪೆಗಳು ತಯಾರಕರ ಹಳೆಯ ಕರ್ನಲ್‌ಗಳಲ್ಲಿ ಕಾಣಸಿಗುತ್ತವೆ. ಚಿಪ್ ರೀಸೆಟ್ ಆದ ಮೇಲೆ ಆರ್‌ಡಿ ಮತ್ತೆ ಕೂರುವುದು ತಡವಾದರೂ ಚಾರ್ಜರ್ ಕಡಿದುಹೋಗಿದೆ ಎಂದುಕೊಳ್ಳುತ್ತದೆ. ಡಿಸ್‌ಕನೆಕ್ಟ್ ಎಂದು ತೀರ್ಮಾನಿಸಲು ಚಾರ್ಜರ್‌ಗೆ 10ರಿಂದ 20 ಮಿಲಿಸೆಕೆಂಡ್ ಸಾಕು.

30 ವಾಟ್‌ನದು 5 ವೋಲ್ಟ್‌ನಲ್ಲೇ ನಿಲ್ಲುವುದು

ಇದರಲ್ಲಿ ಚಾರ್ಜರ್‌ನ ತಪ್ಪಿಲ್ಲ. ನಿಮ್ಮ ಸಿಂಕ್ ಪಿಡಿಒ ಪಟ್ಟಿಯಲ್ಲಿ 5 ಮತ್ತು 12 ವೋಲ್ಟ್ ಮಾತ್ರ ಇವೆ ಎಂದು ಊಹಿಸುತ್ತೇನೆ. ಪವರ್ ಡೆಲಿವರಿಯ ನಿಯಮದಲ್ಲಿ ಚಾರ್ಜರ್ ಕೊಡಲೇಬೇಕಾದ ವೋಲ್ಟೇಜ್‌ಗಳು ಅದರ ವಾಟ್ ಮೇಲೆ ನಿಂತಿವೆ: 15 ವಾಟ್ ಮೀರಿದರೆ 9 ವೋಲ್ಟ್, 27 ಮೀರಿದರೆ 15 ವೋಲ್ಟ್, 45 ಮೀರಿದರೆ 20 ವೋಲ್ಟ್. 12 ವೋಲ್ಟ್ ಈ ಸಾಲಿನಲ್ಲೇ ಇಲ್ಲ. ಕೊಟ್ಟರೆ ಅದು ತಯಾರಕರ ಔದಾರ್ಯ. ನಿಮ್ಮ ಮೇಜಿನ ಒಳ್ಳೆಯ ಚಾರ್ಜರ್ ಅಂಥದ್ದು, ಅದನ್ನು ನಂಬಿ ವಿನ್ಯಾಸ ಮಾಡಿದ್ದೇ ತೊಂದರೆ.

ಟಿಸಿಪಿಎಂ ಆಯ್ಕೆ ಮಾಡುವ ರೀತಿ ಹೀಗೆ: ಚಾರ್ಜರ್‌ನ ಪ್ರತಿ ಸಾಲಿನ ವೋಲ್ಟೇಜ್ ನಿಮ್ಮ ಯಾವುದಾದರೂ ಸಾಲಿನ ಮಿತಿಯೊಳಗೆ ಬರುತ್ತದೆಯೇ ನೋಡುತ್ತದೆ, ಬಂದವುಗಳಲ್ಲಿ ಹೆಚ್ಚು ವಾಟ್ ಕೊಡುವುದನ್ನು ಆರಿಸುತ್ತದೆ. 5, 9, 15 ಕೊಡುವ ಚಾರ್ಜರ್‌ಗೂ 5, 12 ಕೇಳುವ ಬೋರ್ಡ್‌ಗೂ ಹೊಂದುವುದು 5 ಒಂದೇ.

ಡಿಸ್ಕ್‌ಗೆ ಬೇಕಾದ 12 ವೋಲ್ಟ್ ಅನ್ನು ಬೋರ್ಡ್ ಮೇಲೇ ಮಾಡಿಕೊಳ್ಳಿ. 9ರಿಂದ 20 ವೋಲ್ಟ್ ಒಳಗೆ ಏನು ಬಂದರೂ ಇಳಿಸಿಯೋ ಏರಿಸಿಯೋ 12 ಕೊಡುವ ಬಕ್-ಬೂಸ್ಟ್ ಕನ್ವರ್ಟರ್ ಒಂದು ಹಾಕಿ. ಇಳಿಸುವ ಬಕ್ ಮಾತ್ರ ಇರುವ ಬೋರ್ಡ್ ಆಗಲೇ ಅಚ್ಚಾಗಿದ್ದರೆ 5 ಬಿಟ್ಟು 15 ಮತ್ತು 20 ಮಾತ್ರ ಕೇಳಿ, 27 ವಾಟ್ ಮೀರಿದ ಚಾರ್ಜರ್ ಬೇಕೆಂದು ಪೆಟ್ಟಿಗೆಯ ಮೇಲೆ ಬರೆಯಿರಿ. ಸಿಂಕ್ ಪಟ್ಟಿಯಲ್ಲಿ ಮೊದಲ ಸಾಲು 5 ವೋಲ್ಟ್ ಫಿಕ್ಸೆಡ್ ಆಗಿರಲೇಬೇಕು, ಫಿಕ್ಸೆಡ್ ಸಾಲುಗಳು ಏರಿಕೆಯ ಕ್ರಮದಲ್ಲಿರಬೇಕು; ತಪ್ಪಿದರೆ ಟಿಸಿಪಿಎಂ ಪಟ್ಟಿಯನ್ನೇ ತಿರಸ್ಕರಿಸುತ್ತದೆ. ಫಿಕ್ಸೆಡ್ ಸಾಲುಗಳ ಬದಲು 5 ವೋಲ್ಟ್ ಒಂದು, ಆಮೇಲೆ 9ರಿಂದ 20ರವರೆಗಿನ ಒಂದು ವೇರಿಯಬಲ್ ಸಾಲು ಬರೆದರೂ ನಡೆಯುತ್ತದೆ. ಹಾಗೆ ಬರೆದರೆ 12 ಕೊಡುವ ಚಾರ್ಜರ್ ಸಿಕ್ಕಾಗ ಅದೂ ಹೊಂದುತ್ತದೆ.

ಕನಿಷ್ಠ ಬೇಕಾದ ವಾಟ್ ಬರೆಯುವ ಗುಣವೊಂದಿದೆ, ಮೈಕ್ರೊವಾಟ್‌ನಲ್ಲಿ. ಅಲ್ಲಿ ಆಸೆಯ ಸಂಖ್ಯೆ ಬರೆಯಬೇಡಿ. ಚಾರ್ಜರ್ ಅಷ್ಟು ಕೊಡದಿದ್ದರೆ ಡ್ರೈವರ್ ತನ್ನ ಬೇಡಿಕೆಯಲ್ಲಿ ಕೇಪಬಿಲಿಟಿ ಮಿಸ್‌ಮ್ಯಾಚ್ ಬಿಟ್ ಹಾಕಿ ಕಳಿಸುತ್ತದೆ. ಮಾನದಂಡದ ಪ್ರಕಾರ ಅದೊಂದು ಸೂಚನೆ ಮಾತ್ರ, ಚಾರ್ಜರ್ ಒಪ್ಪಬೇಕು. ಆದರೆ ಅನುಮಾನ ಬಂದಾಗ ಈ ಬಿಟ್ ಇಲ್ಲದೆ ಒಮ್ಮೆ ಪರೀಕ್ಷಿಸಿ ನೋಡುವುದು ಕ್ಷೇಮ.

65 ವಾಟ್ ಚಾರ್ಜರ್ ಬಗ್ಗೆ ಇನ್ನೊಂದು ಗೊಂದಲ ಇಲ್ಲೇ ಪರಿಹಾರವಾಗಲಿ. 20 ವೋಲ್ಟ್ 3.25 ಆಂಪಿಯರ್ ಎಂದು ಮೈಮೇಲೆ ಬರೆದಿದ್ದರೂ ಸಾಮಾನ್ಯ ಕೇಬಲ್‌ನಲ್ಲಿ ಅದು 3 ಆಂಪಿಯರ್ ಎಂದೇ ಹೇಳುತ್ತದೆ, ಏಕೆಂದರೆ 3 ಆಂಪಿಯರ್ ಮೀರಬೇಕಾದರೆ ಕೇಬಲ್‌ನಲ್ಲಿ ಅದರ ಸಾಮರ್ಥ್ಯ ಹೇಳುವ ಇ-ಮಾರ್ಕರ್ ಚಿಪ್ ಇರಬೇಕು. ಕೇಬಲ್ ಬದಲಾದರೆ ಪಿಡಿಒ ಪಟ್ಟಿಯೂ ಬದಲಾಗುತ್ತದೆ. ಆದ್ದರಿಂದ ಪರೀಕ್ಷೆಯ ದಾಖಲೆಯಲ್ಲಿ ಚಾರ್ಜರ್ ಜೊತೆಗೆ ಕೇಬಲ್‌ನ ಹೆಸರೂ ಇರಲಿ.

ಪಿಪಿಎಸ್‌ನಲ್ಲಿ ಕಡಿದುಹೋಗುವುದು

ನಿಮ್ಮ ಸ್ಕ್ರಿಪ್ಟ್ ಪಿಪಿಎಸ್ ಚಾಲೂ ಮಾಡಿ 12 ವೋಲ್ಟ್ ಎಂದು ಒಮ್ಮೆ ಬರೆದು ಸುಮ್ಮನಾಗುತ್ತಿದೆ, ಅಲ್ಲವೇ? ಪಿಪಿಎಸ್ ಒಪ್ಪಂದಕ್ಕೆ ಆಯುಷ್ಯ ಕಡಿಮೆ. ಸಿಂಕ್ 10 ಸೆಕೆಂಡಿನೊಳಗೆ ಬೇಡಿಕೆಯನ್ನು ಮತ್ತೆ ಕಳಿಸುತ್ತಿರಬೇಕು, ವೋಲ್ಟೇಜ್ ಬದಲಾಗದಿದ್ದರೂ. 15 ಸೆಕೆಂಡ್ ಒಳಗೆ ಏನೂ ಬರದಿದ್ದರೆ ಚಾರ್ಜರ್ ಹಾರ್ಡ್ ರೀಸೆಟ್ ಮಾಡುತ್ತದೆ. ಕಡಿತದ ಹೊತ್ತನ್ನು ಗಡಿಯಾರ ಹಿಡಿದು ನೋಡಿ. 12ರಿಂದ 15 ಸೆಕೆಂಡ್ ನಡುವೆ ಬಂದರೆ ಇದೇ. ಮರುಬೇಡಿಕೆಯನ್ನು ಕರ್ನಲ್ ತಾನಾಗಿ ಮಾಡುತ್ತದೆ ಎಂದು ನಂಬಬೇಡಿ, ನಿಮ್ಮ ಪ್ರೋಗ್ರಾಂನಿಂದಲೇ 5 ಸೆಕೆಂಡಿಗೊಮ್ಮೆ ಅದೇ ವೋಲ್ಟೇಜ್ ಮತ್ತೆ ಬರೆಯಿಸಿ.

ಆದರೆ ನಿಜ ಹೇಳಬೇಕೆಂದರೆ ಡಿಸ್ಕ್‌ಗೆ ಪಿಪಿಎಸ್ ಬಳಸುವುದೇ ಸರಿಯಲ್ಲ. ಕರ್ನಲ್ ಪ್ಯಾನಿಕ್ ಆದರೆ, ನಿಮ್ಮ ಪ್ರೋಗ್ರಾಂ ಸತ್ತರೆ, ಸಿಸ್ಟಂ ಒಂದಿಷ್ಟು ಹೊತ್ತು ತೂಗಾಡಿದರೆ ಡಿಸ್ಕ್‌ನ ವಿದ್ಯುತ್ ಹೋಗುತ್ತದೆ. ಇನ್ನೊಂದು, ಪಿಪಿಎಸ್ ಮೋಡ್‌ನಲ್ಲಿ ಕೇಳಿದ ಕರೆಂಟ್ ಮೀರಿದರೆ ಚಾರ್ಜರ್ ವೋಲ್ಟೇಜ್ ಇಳಿಸಿ ಕರೆಂಟ್ ಕಟ್ಟಿಹಾಕಬಹುದು. ಮೂರೂವರೆ ಇಂಚಿನ ಡಿಸ್ಕ್ ತಿರುಗಲು ಶುರುವಾಗುವ ಕ್ಷಣದಲ್ಲಿ 12 ವೋಲ್ಟ್ ರೈಲಿನಿಂದ 2 ಆಂಪಿಯರ್ ಸುಮಾರಿಗೆ ಎಳೆಯುತ್ತದೆ, ಅದೇ ಹೊತ್ತಿಗೆ ವೋಲ್ಟೇಜ್ ಕುಸಿದರೆ ಡಿಸ್ಕ್ ಕಟಕಟ ಸದ್ದು ಮಾಡಿ ನಿಲ್ಲುತ್ತದೆ. ಹೆಸರಿನಲ್ಲಿ 9 ವೋಲ್ಟ್ ಎಂದಿರುವ ಪಿಪಿಎಸ್ ಸಾಲುಗಳು ಏರುವುದೇ 11 ವೋಲ್ಟ್‌ವರೆಗೆ, ಹಾಗಾಗಿ ಅಂಥ ಚಾರ್ಜರ್‌ಗಳಲ್ಲಿ 12 ಸಿಗುವುದೇ ಇಲ್ಲ. ಫಿಕ್ಸೆಡ್ 15 ಅಥವಾ 20 ತೆಗೆದುಕೊಂಡು ಬೋರ್ಡ್ ಮೇಲೆ ಇಳಿಸುವುದೇ ದಾರಿ.

ವೋಲ್ಟೇಜ್ ಏರುವ ಹೊತ್ತಿನಲ್ಲೂ ಒಂದು ಶಿಸ್ತು ಬೇಕು. ಚಾರ್ಜರ್ ಅಕ್ಸೆಪ್ಟ್ ಹೇಳಿದ ಮೇಲೆ, ಹೊಸ ವೋಲ್ಟೇಜ್ ಸಿದ್ಧವೆಂದು ಪಿಎಸ್ ರೆಡಿ ಹೇಳುವವರೆಗೆ ಸಿಂಕ್ 2.5 ವಾಟ್‌ಗಿಂತ ಹೆಚ್ಚು ಎಳೆಯಬಾರದು. ಬೋರ್ಡ್ ಪೂರ್ತಿ 2.5 ವಾಟ್‌ಗೆ ಇಳಿಯುವುದು ಕಷ್ಟ, ಆದರೆ ಡಿಸ್ಕ್‌ನ ಪವರ್ ಸ್ವಿಚ್ ಅನ್ನು ಪಿಎಸ್ ರೆಡಿ ಬರುವವರೆಗೆ ಆಫ್ ಮಾಡಿಡುವುದು ನಿಮ್ಮ ಕೈಯಲ್ಲಿದೆ. ಎಲ್ಲ ಕೋರ್‌ಗಳನ್ನೂ ಓಡಿಸುತ್ತ, ಡಿಸ್ಕ್ ತಿರುಗಿಸುತ್ತ 20 ವೋಲ್ಟ್ ಕೇಳಿದರೆ ಓವರ್‌ಕರೆಂಟ್ ರಕ್ಷಣೆ ಬಿಗಿಯಾಗಿರುವ ಚಾರ್ಜರ್ ಕೈಬಿಡುತ್ತದೆ, ಸಡಿಲವಾಗಿರುವುದು ತಾಳಿಕೊಳ್ಳುತ್ತದೆ.

ಡ್ರೈವರ್ ಮೇಲೆ ಗೂಬೆ ಕೂರಿಸುವ ಮೊದಲು

ಪ್ಲಗ್ ತಿರುಗಿಸಿ ಹಾಕಿ ನೋಡಿ. ಒಂದು ಮಗ್ಗುಲಲ್ಲಿ ಸರಿ, ಇನ್ನೊಂದರಲ್ಲಿ ಕೆಡುತ್ತದೆ ಎಂದಾದರೆ ಎರಡು ಸಿಸಿ ಗೆರೆಗಳಲ್ಲಿ ಒಂದರ ಬೆಸುಗೆ, ಇಎಸ್‌ಡಿ ಡಯೋಡ್ ಅಥವಾ ರೆಸಿಸ್ಟರ್ ನೋಡಬೇಕು. ಎರಡೂ ಸಿಸಿ ಗೆರೆಗಳಿಗೆ ಬೇರೆ ಬೇರೆ ಆರ್‌ಡಿ ಇರಬೇಕು. 2019ರ ಜೂನ್‌ನಲ್ಲಿ ಬಂದ ರಾಸ್ಪ್‌ಬೆರಿ ಪೈ 4ರ ಮೊದಲ ಬೋರ್ಡ್‌ಗಳಲ್ಲಿ ಎರಡಕ್ಕೂ ಒಂದೇ ರೆಸಿಸ್ಟರ್ ಇತ್ತು. ಇ-ಮಾರ್ಕರ್ ಕೇಬಲ್ ಹಾಕಿದರೆ ಕೇಬಲ್‌ನೊಳಗಿನ ಸುಮಾರು 1 ಕಿಲೋಓಮ್ ಅದಕ್ಕೆ ಸೇರಿ, ಚಾರ್ಜರ್‌ಗೆ ಅದು ಆಡಿಯೊ ಅಡಾಪ್ಟರ್‌ನಂತೆ ಕಂಡು ವಿದ್ಯುತ್ತೇ ಬರುತ್ತಿರಲಿಲ್ಲ. ನಂತರದ 1.2 ಆವೃತ್ತಿಯ ಬೋರ್ಡ್‌ನಲ್ಲಿ ಸರಿಯಾಯಿತು. ಸಾಫ್ಟ್‌ವೇರ್‌ನಿಂದ ಇದಕ್ಕೆ ಮದ್ದಿರಲಿಲ್ಲ.

ಸಿಸಿ ಗೆರೆಯ ಮೇಲಿನ ಕೆಪಾಸಿಟರ್ 200ರಿಂದ 600 ಪಿಕೊಫ್ಯಾರಡ್ ಒಳಗಿರಲಿ. ಶಬ್ದ ಕಡಿಮೆಯಾಗಲೆಂದು 1 ನ್ಯಾನೊಫ್ಯಾರಡ್ ಹಾಕಿದರೆ 300 ಕಿಲೋಬಿಟ್ ವೇಗದ ಸಂಕೇತದ ಅಂಚು ಮೊಂಡಾಗುತ್ತದೆ. ಗಿಡ್ಡ ಕೇಬಲ್‌ನಲ್ಲಿ ನಡೆಯುತ್ತದೆ, ಎರಡು ಮೀಟರಿನದರಲ್ಲಿ ಸಂದೇಶ ಮುಟ್ಟುವುದಿಲ್ಲ. ಲೋಡ್ ಹೆಚ್ಚಾದಾಗ ಮಾತ್ರ ಸಂದೇಶ ಕೆಡುತ್ತಿದ್ದರೆ ತೆಳು ಕೇಬಲ್‌ನ ಗ್ರೌಂಡ್ ತಂತಿಯ ಮೇಲೆ ಬೀಳುವ ವೋಲ್ಟೇಜ್ ಅಳೆಯಿರಿ. 250 ಮಿಲಿವೋಲ್ಟ್ ದಾಟಬಾರದು. ಸಿಸಿ ಸಂಕೇತದ ಎತ್ತರವೇ ಸುಮಾರು 1.1 ವೋಲ್ಟ್.

ಆ ಎತ್ತರದಿಂದಲೇ ಇನ್ನೊಂದು ಪೇಚು. ಅಗ್ಗದ 24 ಮೆಗಾಹರ್ಟ್ಜ್ ಲಾಜಿಕ್ ಅನಲೈಸರ್ ಅನ್ನು ಸಿಸಿಗೆ ನೇರ ಸಿಕ್ಕಿಸಿದರೆ ಏನೂ ಕಾಣುವುದಿಲ್ಲ, ಅದರ ಮಿತಿ 1.1 ವೋಲ್ಟ್‌ಗಿಂತ ಮೇಲಿದೆ. ನಡುವೆ 0.55 ವೋಲ್ಟ್ ಮಿತಿಯ ಒಂದು ಕಂಪ್ಯಾರೇಟರ್ ಇಟ್ಟು, 4 ಮೆಗಾಹರ್ಟ್ಜ್‌ನಲ್ಲಿ ಸ್ಯಾಂಪಲ್ ಮಾಡಿ, ಸಿಗ್ರಾಕ್‌ನ ಪವರ್ ಡೆಲಿವರಿ ಡಿಕೋಡರ್‌ಗೆ ಕೊಟ್ಟರೆ ಸಂದೇಶಗಳೆಲ್ಲ ಬಿಡಿಸಿ ಕಾಣುತ್ತವೆ. ಡ್ರೈವರ್ ಹೇಳಿದ್ದಕ್ಕೂ ತಂತಿಯ ಮೇಲೆ ನಡೆದದ್ದಕ್ಕೂ ವ್ಯತ್ಯಾಸವಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ.

ಐ2ಸಿ ವೇಗವನ್ನೂ ನೋಡಿ. ಸಂದೇಶ ಬಂದ ಮೇಲೆ ಉತ್ತರಕ್ಕೆ 15 ಮಿಲಿಸೆಕೆಂಡ್ ಅವಕಾಶ. 30 ಬೈಟ್ ಓದಲು 100 ಕಿಲೋಹರ್ಟ್ಜ್‌ನಲ್ಲಿ ಸುಮಾರು 2.7 ಮಿಲಿಸೆಕೆಂಡ್ ಹೋಗುತ್ತದೆ, 400ರಲ್ಲಿ 0.7. ಅದೇ ಬಸ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್ ಚಿಪ್, ಸೆನ್ಸರ್‌ಗಳು ಸಾಲುಗಟ್ಟಿದ್ದರೆ ಬೂಟ್‌ನ ಗಡಿಬಿಡಿಯಲ್ಲಿ ಗಡುವು ತಪ್ಪುತ್ತದೆ. ಟಿಸಿಪಿಎಂನ ಕೆಲಸಗಾರ ಥ್ರೆಡ್‌ಗೆ 2020ರಲ್ಲಿ ರಿಯಲ್‌ಟೈಂ ಆದ್ಯತೆ ಕೊಟ್ಟದ್ದು ಇಂಥ ಗಡುವುಗಳಿಗಾಗಿಯೇ. ಬಸ್ ನಿಧಾನವಾಗಿದ್ದರೆ ಆ ಆದ್ಯತೆಯಿಂದ ಲಾಭವಿಲ್ಲ.

ಡ್ರೈವರ್ ಬರೆಯುವವರು ಜಾರುವ ಇನ್ನೊಂದು ಜಾಗ: ಒಪ್ಪಂದಕ್ಕೆ ಮೊದಲು ಸಿಸಿಯ ಆರ್‌ಪಿ ಮಟ್ಟ ಎಷ್ಟು ಕರೆಂಟ್ ಎಳೆಯಬಹುದೆಂದು ಹೇಳುತ್ತದೆ. 3.0 ಆವೃತ್ತಿಯ ಒಪ್ಪಂದವಾದ ಮೇಲೆ ಅದೇ ಮಟ್ಟಕ್ಕೆ ಬೇರೆ ಅರ್ಥ: 3 ಆಂಪಿಯರ್ ಮಟ್ಟವಿದ್ದರೆ ಸಿಂಕ್ ಮಾತು ಶುರು ಮಾಡಬಹುದು, 1.5 ಮಟ್ಟವಿದ್ದರೆ ಸುಮ್ಮನಿರಬೇಕು. ಒಪ್ಪಂದದ ನಂತರ ಆರ್‌ಪಿ ಬದಲಾದದ್ದನ್ನು ಕಂಡು ಕರೆಂಟ್ ಮಿತಿ ಇಳಿಸುವ ಕೋಡ್ ನಿಮ್ಮ ಚಾರ್ಜಿಂಗ್ ಅಥವಾ ಪವರ್ ಭಾಗದಲ್ಲಿದ್ದರೆ ತೆಗೆಯಿರಿ.

ಪಟ್ಟಿಯ ಬದಲು ಏನು?

ಚಾರ್ಜರ್‌ನ ಗುರುತಿನ ಗೊಡವೆ ಬಿಟ್ಟು, ಕಳೆದ ಸಲ ಏನಾಯಿತು ಎಂಬುದನ್ನು ನೆನಪಿಟ್ಟುಕೊಳ್ಳಿ. ಬೋರ್ಡ್ 5 ವೋಲ್ಟ್‌ನಲ್ಲೇ ಡಿಸ್ಕ್ ಇಲ್ಲದೆ ಪೂರ್ತಿ ಬೂಟ್ ಆಗುವಂತಿರಬೇಕು, ಇದು ಮೊದಲ ಷರತ್ತು. 5 ವೋಲ್ಟ್ 3 ಆಂಪಿಯರ್, 15 ವಾಟ್, ಅಷ್ಟರಲ್ಲಿ ಆರ್‌ಕೆ3399 ಬೂಟ್ ಆಗುತ್ತದೆ. ಯು-ಬೂಟ್ ಹೆಚ್ಚಿನ ವೋಲ್ಟೇಜ್ ಕೇಳುವ ಮೊದಲು ಇಇಪ್ರಾಮ್‌ನಲ್ಲಿ ಒಂದು ಬೈಟ್ ಬರೆಯಲಿ. ರ‍್ಯಾಮ್‌ನಲ್ಲಿ ಬೇಡ, ವಿಬಸ್ ಹೋದರೆ ಅದೂ ಹೋಗುತ್ತದೆ. ಲಿನಕ್ಸ್ ಎದ್ದು, ಡಿಸ್ಕ್ ತಿರುಗಿ, ಒಂದು ನಿಮಿಷ ಸ್ಥಿರವಾಗಿ ನಿಂತ ಮೇಲೆ ಆ ಬೈಟ್ ಅಳಿಸಲಿ. ಬೂಟ್ ಆಗುವಾಗ ಬೈಟ್ ಇನ್ನೂ ಇದೆ ಎಂದರೆ ಕಳೆದ ಪ್ರಯತ್ನ ಮಧ್ಯದಲ್ಲೇ ಸತ್ತಿದೆ. ಆಗ ಯು-ಬೂಟ್ ಕರ್ನಲ್‌ಗೆ ಕೊಡುವ ಡಿವೈಸ್ ಟ್ರೀಯಲ್ಲಿ ಸಿಂಕ್ ಪಟ್ಟಿಯನ್ನು 5 ವೋಲ್ಟ್ ಒಂದಕ್ಕೇ ಕತ್ತರಿಸಲಿ. ಪೆಟ್ಟಿಗೆ ಡಿಸ್ಕ್ ಇಲ್ಲದೆ ಏಳುತ್ತದೆ, ಎಲ್‌ಇಡಿ ಕೆಂಪಾಗುತ್ತದೆ, ವೆಬ್ ಪುಟದಲ್ಲಿ ಚಾರ್ಜರ್ ಸಾಲದೆಂದು ಹೇಳುತ್ತದೆ. ಒಂದೇ ಸಲ ಬಿದ್ದದ್ದಕ್ಕೆ ಕತ್ತರಿಸದೆ ಎಣಿಕೆ ಇಟ್ಟು ಮೂರನೆಯ ಸಲಕ್ಕೆ ಕತ್ತರಿಸಿದರೆ, ಊರಿನಲ್ಲಿ ಕರೆಂಟ್ ಹೋದದ್ದಕ್ಕೂ ಚಾರ್ಜರ್ ಕೆಟ್ಟದ್ದಕ್ಕೂ ಬೆರಕೆಯಾಗುವುದಿಲ್ಲ.

ಚಾರ್ಜರ್ ರಿಜೆಕ್ಟ್ ಅಥವಾ ವೇಟ್ ಹೇಳಿದರೆ ಹಾರ್ಡ್ ರೀಸೆಟ್‌ಗೆ ಕೈ ಹಾಕುವ ಕೋಡ್ ಎಲ್ಲಿದ್ದರೂ ಕಿತ್ತುಹಾಕಿ. ವೇಟ್ ಬಂದರೆ ಕನಿಷ್ಠ 100 ಮಿಲಿಸೆಕೆಂಡ್ ಬಿಟ್ಟು ಮತ್ತೆ ಕೇಳಬೇಕು. ರಿಜೆಕ್ಟ್ ಬಂದರೆ ಇರುವ ಒಪ್ಪಂದದಲ್ಲೇ ಮುಂದುವರಿಯಬೇಕು.

ಸರಿಪಡಿಸಲಾಗದ್ದೂ ಒಂದಿದೆ. ಎರಡು ಮೂರು ಪೋರ್ಟ್ ಇರುವ ಚಾರ್ಜರ್‌ನಲ್ಲಿ ನಿಮ್ಮ ಪೆಟ್ಟಿಗೆ ಓಡುತ್ತಿರುವಾಗ ಯಾರೋ ಪಕ್ಕದ ಪೋರ್ಟ್‌ಗೆ ಫೋನ್ ಸಿಕ್ಕಿಸುತ್ತಾರೆ. ಚಾರ್ಜರ್ ವಾಟ್ ಹಂಚಿಕೆ ಬದಲಿಸಬೇಕು. ಒಳ್ಳೆಯವು ಹೊಸ ಪಟ್ಟಿ ಕಳಿಸಿ ಸೌಜನ್ಯದಿಂದ ಇಳಿಸುತ್ತವೆ. ಎಷ್ಟೋ ಚಾರ್ಜರ್‌ಗಳು ಎಲ್ಲ ಪೋರ್ಟ್‌ಗಳ ವಿಬಸ್ ಒಮ್ಮೆ ಕಡಿದು ಮತ್ತೆ ಶುರು ಮಾಡುತ್ತವೆ. ಅದನ್ನು ಯಾವ ಡ್ರೈವರ್ ತಡೆಯಲಾರದು. ನಿಮ್ಮ ಪೆಟ್ಟಿಗೆಗೆ ಒಂದೇ ಪೋರ್ಟ್‌ನ ಚಾರ್ಜರ್ ಜೊತೆಗೆ ಕೊಡಿ, ಕೈಪಿಡಿಯಲ್ಲಿ ಕಾರಣ ಬರೆಯಿರಿ.

ಇದೇ ತೊಂದರೆಯನ್ನು ಲ್ಯಾಪ್‌ಟಾಪ್‌ನಲ್ಲಿ ಕಾಣುತ್ತಿರುವ ಓದುಗರಿಗೆ ಒಂದು ಮಾತು: ಅಲ್ಲಿ ಸಾಮಾನ್ಯವಾಗಿ ಮಾತುಕತೆ ನಡೆಸುವುದು ಎಂಬೆಡೆಡ್ ಕಂಟ್ರೋಲರ್ ಅಥವಾ ಪಿಡಿ ಚಿಪ್‌ನ ಫರ್ಮ್‌ವೇರ್. ಲಿನಕ್ಸ್‌ನ ಯುಸಿಎಸ್‌ಐ ಡ್ರೈವರ್ ಫಲಿತಾಂಶವನ್ನು ಓದಿ ತೋರಿಸುತ್ತದೆ, ಕೆಲವು ಆಜ್ಞೆಗಳನ್ನು ಮುಟ್ಟಿಸುತ್ತದೆ, ಅಷ್ಟೇ. ಕರ್ನಲ್ ಬದಲಿಸಿ ಪ್ರಯೋಜನವಿಲ್ಲ. ಬಯೋಸ್ ಮತ್ತು ಪಿಡಿ ಫರ್ಮ್‌ವೇರ್ ಅಪ್‌ಡೇಟ್ ಇದೆಯೇ ನೋಡಿ.

ಪರೀಕ್ಷೆಗೆ ಕೂರುವಾಗ ಈ ಕ್ರಮ ಹಿಡಿಯಿರಿ: ಪ್ರತಿ ಚಾರ್ಜರ್‌ಗೆ ಇ-ಮಾರ್ಕರ್ ಇರುವ, ಇಲ್ಲದ, ಎರಡು ಮೀಟರ್ ಉದ್ದದ ಮೂರು ಕೇಬಲ್, ಪ್ರತಿ ಕೇಬಲ್‌ಗೆ ಎರಡೂ ಮಗ್ಗುಲು, ಪ್ರತಿ ಮಗ್ಗುಲಿಗೆ ಪ್ಲಗ್ ಕಿತ್ತು ಹಾಕಿ ಹತ್ತು ಬೂಟ್, ರೀಬೂಟ್ ಆಜ್ಞೆಯಿಂದ ಹತ್ತು ಬೂಟ್, ಎರಡರಲ್ಲೂ ಡಿಸ್ಕ್ ತಿರುಗುತ್ತಿರಲಿ. ರೀಬೂಟ್‌ಗೆ ಹತ್ತಕ್ಕಿಂತ ಕಡಿಮೆ ಮಾಡಬೇಡಿ, ಸಂದೇಶ ಸಂಖ್ಯೆಯ ಎಂಟರ ಸುತ್ತು ಪೂರ್ತಿಯಾಗಲು ಅವಕಾಶ ಸಿಗಬೇಕು.